ಹಳದಿ, ಕೆಂಪಿನ ನಡುವಿನ ಮಸುಕು

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ಬೆಂಗಳೂರಿನ ಮೊಬೈಲುಗಳ ತುಂಬ ರಾಜ್ಯೋತ್ಸವದ ಪೋಸ್ಟರುಗಳು. ಬಾವುಟದ ಹಳದಿಯೂ ಕೆಂಪೂ ಕೂಡುವ ಗೆರೆಯ ಮೇಲೆ ಕೊಳೆ ನೀರು ಹರಿದಂತೆ ಒಂದು ಪಟ್ಟಿ. ಹಳದಿಯ ಮೇಲೆ ಕೆಂಪಿನಲ್ಲಿ ಬರೆದ ಹೆಸರುಗಳಲ್ಲಿ ಒತ್ತಕ್ಷರದ ಹೊಟ್ಟೆಯೇ ಮುಚ್ಚಿಹೋಗಿರುತ್ತದೆ. ಸಂಘದವರು ಡಿಸೈನರನ್ನು ಬೈಯುತ್ತಾರೆ, ಡಿಸೈನರು ಫ್ಲೆಕ್ಸ್ ಅಂಗಡಿಯವರನ್ನು (ಫ್ಲೆಕ್ಸ್ ನಿಷೇಧವಾದರೂ ಅಂಗಡಿಗೆ ಆ ಹೆಸರು ಹೋಗಿಲ್ಲ), ಅಂಗಡಿಯವರು ವಾಟ್ಸ್‌ಆ್ಯಪನ್ನು. ಮೂಲ ಕಡತವನ್ನು ತೆರೆದು ನೋಡಿದರೆ ಅಲ್ಲಿ ಎಲ್ಲವೂ ಚೊಕ್ಕವಾಗಿಯೇ ಇರುತ್ತದೆ. ಗೆರೆಚಿತ್ರವನ್ನು ಜೆಪೆಗ್ ಮಾಡುವ ಅರ್ಧ ನಿಮಿಷದಲ್ಲಿ ಕೆಲಸ ಕೆಟ್ಟಿರುತ್ತದೆ. ಅಳತೆ, ಅಕ್ಷರ, ಹಿನ್ನೆಲೆ ಮೂರನ್ನೂ ಮೊದಲೇ ತೀರ್ಮಾನಿಸಿ, ಕುಗ್ಗಿಸುವ ಕೆಲಸವನ್ನು ಕಟ್ಟಕಡೆಗೆ ಒಂದೇ ಸಲ ಮಾಡಿದರೆ ಇದರಲ್ಲಿ ಹೆಚ್ಚಿನದು ತಪ್ಪುತ್ತದೆ. ಆ ಅರ್ಧ ನಿಮಿಷದ ಬಗ್ಗೆ ಈ ಪತ್ರ.

ಲೋಗೊ, ವಾರ್ಡ್ ನಕ್ಷೆ, ಮೆಟ್ರೊ ಮಾರ್ಗದ ನಕಾಶೆಯಂಥವು ಈಗ ಬಹುಪಾಲು ಎಸ್‌ವಿಜಿ ರೂಪದಲ್ಲಿ ತಯಾರಾಗುತ್ತವೆ. 2001ರಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾನ್ಯ ಮಾಡಿದ ಈ ರೂಪದಲ್ಲಿ ಚುಕ್ಕೆಗಳಿಲ್ಲ (ಪಿಕ್ಸೆಲ್ ಎನ್ನುವುದು ಇವನ್ನೇ), ಬರೀ ಬರವಣಿಗೆ ಇದೆ: ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಬಣ್ಣ ತುಂಬು, ಈ ಫಾಂಟಿನಲ್ಲಿ ಈ ಪದ ಬರೆ. ಆ ಬರವಣಿಗೆಯನ್ನು ಜಿಜಿಪ್ ವಿಧಾನದಿಂದ ಮಡಚಿಟ್ಟರೆ ಎಸ್‌ವಿಜಿಝಡ್. ಮೂಲದ ಗಾತ್ರದ ಐದರಲ್ಲೊಂದು ಪಾಲಿನಿಂದ ಅರ್ಧದವರೆಗೆ ಇಳಿಯುತ್ತದೆ, ಬಿಚ್ಚಿದಾಗ ಒಂದು ಅಕ್ಷರವೂ ಕಳೆದಿರುವುದಿಲ್ಲ. ಜೆಪೆಗ್‌ನ ಹಾದಿ ಬೇರೆ. 1992ರ ಆ ಮಾನಕ ಹುಟ್ಟಿದ್ದೇ ಫೋಟೋಗಳಿಗಾಗಿ. ಕಣ್ಣಿಗೆ ಗೊತ್ತಾಗದೆಂದು ತನಗೆ ತೋರಿದ್ದನ್ನು ಅದು ಬಿಸಾಡುತ್ತದೆ, ಬಿಸಾಡಿದ್ದು ಮರಳಿ ಸಿಗುವುದಿಲ್ಲ.

ಎಸ್‌ವಿಜಿಝಡ್ ಕಡತ ತೆರೆಯುತ್ತಿಲ್ಲ ಎಂಬುದು ಮೊದಲ ದೂರು. ಬ್ರೌಸರಿಗೆ ಎಳೆದು ಹಾಕಿದರೆ ಮೊದಲ ಸಾಲಿನಲ್ಲೇ ದೋಷ ಎನ್ನುತ್ತದೆ. ಕಡತ ಕೆಟ್ಟಿಲ್ಲ. ಜಾಲತಾಣದಿಂದ ಬರುವಾಗ ‘ಇದು ಜಿಜಿಪ್‌ನಲ್ಲಿ ಮಡಚಿದ್ದು’ ಎಂದು ಸರ್ವರ್ ತಲೆಬರಹದಲ್ಲಿ ಹೇಳಬೇಕು; ಹೇಳದಿದ್ದರೆ, ಅಥವಾ ಕಡತ ನಿಮ್ಮ ಡಿಸ್ಕಿನಲ್ಲೇ ಇದ್ದರೆ, ಬ್ರೌಸರು ಅದನ್ನು ಬಿಚ್ಚದೆ ಓದಲು ಹೋಗಿ ಎಡವುತ್ತದೆ. 7-ಝಿಪ್‌ನಿಂದ ಬಿಚ್ಚಿ, ಹೊರಬಂದದ್ದರ ಹೆಸರಿನ ಕೊನೆಗೆ ಎಸ್‌ವಿಜಿ ಎಂಬ ಬಾಲ ಕೊಟ್ಟರೆ ಸಾಕು. ಗೆರೆಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್ ಆದರೆ ಬಿಚ್ಚುವ ಅಗತ್ಯವೂ ಇಲ್ಲ, ನೇರ ತೆರೆಯುತ್ತದೆ. ಇನ್ನೊಂದು ತಮಾಷೆ: ಕೆಲವು ಸಲ ಡೌನ್‌ಲೋಡ್ ಆಗುವಾಗಲೇ ಬ್ರೌಸರು ಬಿಚ್ಚಿಬಿಟ್ಟಿರುತ್ತದೆ, ಹೆಸರು ಮಾತ್ರ ಎಸ್‌ವಿಜಿಝಡ್ ಎಂದೇ ಉಳಿದಿರುತ್ತದೆ. ಆಗ ಬಿಚ್ಚುವ ಸಾಧನ ‘ಇದು ಜಿಜಿಪ್ ಅಲ್ಲ’ ಎನ್ನುತ್ತದೆ. ನಿಜವಾದ ಜಿಜಿಪ್ ಕಡತದ ಮೊದಲ ಎರಡು ಬೈಟುಗಳು 31 ಮತ್ತು 139. ನೋಟ್‌ಪ್ಯಾಡಿನಲ್ಲಿ ತೆರೆದಾಗ ಮೊದಲಿಗೆ ಕೋನಾವರಣದ ಗುರುತು (<) ಕಂಡರೆ ಅದು ಮಡಚದ ಎಸ್‌ವಿಜಿ. ಹೆಸರಿನ ಬಾಲ ತಿದ್ದಿದರೆ ಆಯಿತು. ಬಾಲವನ್ನು ಜೆಪಿಜಿ ಎಂದು ಬದಲಿಸಿದ ಮಾತ್ರಕ್ಕೆ ಜೆಪೆಗ್ ಆಗುವುದಿಲ್ಲವೆಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆವು. ಅಂಥ ಕಡತಗಳು ಬರುತ್ತಲೇ ಇರುವುದರಿಂದ ಹೇಳುತ್ತಿದ್ದೇವೆ.

ಇನ್ನು ಅಕ್ಷರ. ಕನ್ನಡದವರಿಗೆ ಅತಿ ಹೆಚ್ಚು ನಷ್ಟ ಆಗುವುದು ಇಲ್ಲಿಯೇ, ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇದರ ಪ್ರಸ್ತಾಪ ಸಾಮಾನ್ಯವಾಗಿ ಇರುವುದಿಲ್ಲ. ಎಸ್‌ವಿಜಿಯಲ್ಲಿ ಪದಗಳು ಪದಗಳಾಗಿಯೇ ಇದ್ದರೆ, ಪರಿವರ್ತಿಸುವ ಯಂತ್ರದಲ್ಲಿ ಆ ಫಾಂಟ್ ಇರಲೇಬೇಕು. ಕನ್ನಡ ಫಾಂಟೇ ಇಲ್ಲದ ದೂರದ ಸರ್ವರಿನಲ್ಲಿ ನಡೆಯುವ ಆನ್‌ಲೈನ್ ಪರಿವರ್ತಕಕ್ಕೆ ಕೊಟ್ಟರೆ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ನುಡಿ ಅಥವಾ ಬರಹ ಫಾಂಟಿನಲ್ಲಿ ಜೋಡಿಸಿದ್ದಾದರೆ ಅದಕ್ಕಿಂತ ವಿಚಿತ್ರ: ಚೌಕಗಳ ಬದಲು ರೋಮನ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹಾಕಿದ ಎ ಎಲ್ಲ ಸೇರಿದ ಕಲಸುಮೇಲೋಗರ. ಕಡತದ ಒಳಗೆ ಇರುವುದು ನಿಜಕ್ಕೂ ಅವೇ. ಆ ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸಿತ್ತು, ಅಷ್ಟೆ.

ಫಾಂಟ್ ಇದ್ದ ಮಾತ್ರಕ್ಕೂ ಗೆದ್ದಂತಲ್ಲ. ಯೂನಿಕೋಡ್ ಕನ್ನಡದಲ್ಲಿ ಒತ್ತು, ಅರ್ಕಾವತ್ತುಗಳನ್ನು ಜೋಡಿಸಿ ಕೂರಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಇಂಕ್‌ಸ್ಕೇಪ್, ಎಸ್‌ವಿಜಿಯನ್ನು ಚುಕ್ಕೆಗೆ ಇಳಿಸುವ ಲಿಬ್‌ಆರ್‌ಎಸ್‌ವಿಜಿ, ಇಂದಿನ ಬ್ರೌಸರುಗಳು ಇದನ್ನು ಸರಿಯಾಗಿ ಮಾಡುತ್ತವೆ. ಅಕ್ಷರಕ್ಕೊಂದು ಆಕೃತಿ ಎಂದು ತಿಳಿದಿರುವ ಸಣ್ಣಪುಟ್ಟ ಪರಿವರ್ತಕಗಳಲ್ಲಿ ‘ರಾಜ್ಯೋತ್ಸವ’ ಹೋಗಿ ‘ರಾಜ್‌ಯೋತ್‌ಸವ’ ಆಗುತ್ತದೆ, ‘ಕರ್ನಾಟಕ’ ಹೋಗಿ ‘ಕರ್‌ನಾಟಕ’ ಆಗುತ್ತದೆ. ಕನ್ನಡ ಬಾರದವರ ಕೈಯಲ್ಲಿ ಕೆಲಸವಿದ್ದರೆ ಅದು ಹಾಗೆಯೇ ಅಚ್ಚಾಗಿ, ಅಂಗಡಿಯ ಬೋರ್ಡಿನ ಮೇಲೂ ಏರುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದಿದೆ. ಆ ಅರವತ್ತರಲ್ಲಿ ಒತ್ತಕ್ಷರ ಒಡೆದಿರಬಾರದು ಎಂದು ಯಾವ ಕಾಯ್ದೆ ಹೇಳೀತು?

ಇದಕ್ಕೆ ಪರಿಹಾರ ಹಳೆಯದೇ, ಖಚಿತವಾದದ್ದು: ಕಳಿಸುವ ಮೊದಲು ಅಕ್ಷರಗಳನ್ನು ಗೆರೆಗಳಾಗಿಸುವುದು. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ಸ್ ಮಾಡುತ್ತೇವಲ್ಲ, ಅದೇ. ಇಂಕ್‌ಸ್ಕೇಪ್‌ನಲ್ಲಿ ಎಲ್ಲವನ್ನೂ ಆಯ್ದು ಶಿಫ್ಟ್-ಕಂಟ್ರೋಲ್-ಸಿ, ಇಲಸ್ಟ್ರೇಟರಿನಲ್ಲಿ ಶಿಫ್ಟ್-ಕಂಟ್ರೋಲ್-ಓ. ಇದನ್ನು ಕಡತದ ನಕಲಿನ ಮೇಲೆ ಮಾಡಿ, ಮೂಲದ ಮೇಲೆ ಬೇಡ. ಗೆರೆಯಾದ ಮೇಲೆ ಒಂದು ಕಾಗುಣಿತ ತಿದ್ದಬೇಕೆಂದರೂ ಹೊಸದಾಗಿ ಜೋಡಿಸಬೇಕಾಗುತ್ತದೆ.

ಅಕ್ಷರ ಕಾಣೆಯಾಗಲು ಇನ್ನೆರಡು ಕಾರಣಗಳಿವೆ. ಹಳೆಯ ಇಂಕ್‌ಸ್ಕೇಪ್‌ನಲ್ಲಿ ಚೌಕಟ್ಟು ಎಳೆದು ಒಳಗೆ ಬರೆದ ಪಠ್ಯ ಬೇರೆ ತಂತ್ರಾಂಶಗಳಿಗೆ ಅರ್ಥವಾಗದೆ ಕಪ್ಪು ಆಯತವಾಗಿ ಬಂದು ಕೂರುತ್ತದೆ. ಡ್ರಾ.ಐಒದಲ್ಲಿ ಮಾಡಿದ ನಕ್ಷೆಗಳಲ್ಲಿ ಪಠ್ಯ ಎಚ್‌ಟಿಎಂಎಲ್ ರೂಪದಲ್ಲಿ ಅಡಗಿರುವುದರಿಂದ ಬ್ರೌಸರಿನಲ್ಲಿ ಮಾತ್ರ ಕಾಣುತ್ತದೆ. ಅಂಥದ್ದನ್ನು ಅದೇ ತಂತ್ರಾಂಶದಿಂದ ನೇರವಾಗಿ ಪಿಎನ್‌ಜಿ ಎಂಬ ಚಿತ್ರರೂಪಕ್ಕೆ ಇಳಿಸಿಕೊಳ್ಳುವುದು ಮೇಲು. ಚಿತ್ರದೊಳಗಿನ ಫೋಟೋಗಳ ಕತೆಯೂ ಹೀಗೆಯೇ. ಗಣ್ಯರ ಫೋಟೋವನ್ನು ಒಳಗೆ ಸೇರಿಸದೆ ಕೊಂಡಿ ಮಾತ್ರ ಕೊಟ್ಟಿದ್ದರೆ ಎಸ್‌ವಿಜಿ ಒಂದನ್ನೇ ಕಳಿಸಿದಾಗ ಮುಖವಿರಬೇಕಾದ ಕಡೆ ಖಾಲಿ ಚೌಕಟ್ಟು ಬರುತ್ತದೆ. ಎಂಬೆಡ್ ಮಾಡಬೇಕು. ಹಾಗೆ ಸೇರಿಸಿದ ಫೋಟೋ ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದರಷ್ಟು ಉಬ್ಬುತ್ತದೆ, ಮಡಚಿದಾಗ ಆ ಉಬ್ಬು ಬಹುಪಾಲು ಇಳಿಯುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಗೆರೆಚಿತ್ರಕ್ಕೆ ತನ್ನದೆಂಬ ಪಿಕ್ಸೆಲ್ ಇಲ್ಲ. ಎಷ್ಟು ಬೇಕೆಂದು ನಾವೇ ಹೇಳಬೇಕು. ಹೇಳದಿದ್ದರೆ ಇಂಕ್‌ಸ್ಕೇಪ್ ಇಂಚಿಗೆ 96 ಪಿಕ್ಸೆಲ್ ಎಂದು ಹಿಡಿಯುತ್ತದೆ, ಎ4 ಹಾಳೆಯ ಚಿತ್ರ 794ಕ್ಕೆ 1123 ಪಿಕ್ಸೆಲಿನ ಅಂಚೆಚೀಟಿಯಾಗಿ ಹೊರಬರುತ್ತದೆ. ಲೆಕ್ಕ ಸರಳ: ಇಂಚಿನ ಅಳತೆಯನ್ನು ಇಂಚಿಗೆ ಬೇಕಾದ ಚುಕ್ಕೆಗಳಿಂದ ಗುಣಿಸಿ. ಸುಲ್ತಾನ್‌ಪೇಟೆಯಲ್ಲಿ ಅಚ್ಚಾಗುವ 5ಕ್ಕೆ 7 ಇಂಚಿನ ಲಗ್ನಪತ್ರಿಕೆಗೆ 300ರಂತೆ 1500ಕ್ಕೆ 2100. ಎ4ಗೆ 2480ಕ್ಕೆ 3508. ಹತ್ತು ಅಡಿಗೆ ನಾಲ್ಕು ಅಡಿಯ ಬಟ್ಟೆ ಬ್ಯಾನರಿಗೆ ದೂರದಿಂದ ನೋಡುವುದರಿಂದ 72 ಸಾಕು: 8640ಕ್ಕೆ 3456. ಇದೇ ಬ್ಯಾನರನ್ನು ‘ಇರಲಿ, ಚೆನ್ನಾಗಿ ಬರಲಿ’ ಎಂದು 300ಕ್ಕೆ ಏರಿಸಿದರೆ 36,000ಕ್ಕೆ 14,400, ಅಂದರೆ ಬಿಚ್ಚಿದ ಚಿತ್ರಕ್ಕೇ ಎರಡು ಜಿಬಿ ಮೆಮೊರಿ. ಯಂತ್ರ ನಿಂತುಬಿಡುತ್ತದೆ, ಅಚ್ಚಿನಲ್ಲಿ ಕಾಣುವ ಲಾಭ ಏನೂ ಇಲ್ಲ.

ಆದೇಶದ ಸಾಲು ಬರೆದು ಚಿತ್ರ ಪರಿವರ್ತಿಸುವ ಇಮೇಜ್‌ಮ್ಯಾಜಿಕ್ ಬಳಸುವ ಹುಡುಗರು ಮಾಡುವ ತಪ್ಪೊಂದಿದೆ. ಇಂಚಿಗೆ ಎಷ್ಟು ಚುಕ್ಕೆ ಎಂದು ಹೇಳುವ ಡೆನ್ಸಿಟಿ ಎಂಬ ಆಯ್ಕೆಯನ್ನು ಮೂಲ ಕಡತದ ಹೆಸರಿಗಿಂತ ಮೊದಲೇ ಬರೆಯಬೇಕು. ಹೆಸರಿನ ನಂತರ ಬರೆದರೆ ಚಿತ್ರ ಅಷ್ಟರಲ್ಲಿ ಸಣ್ಣದಾಗಿಯೇ ಮೂಡಿಬಿಟ್ಟಿರುತ್ತದೆ. ಆಮೇಲೆ ರೀಸೈಜ್ ಹಾಕಿ ಹಿಗ್ಗಿಸಿದರೆ ಹಿಗ್ಗುವುದು ಮಸುಕು ಮಾತ್ರ. ಕಡತದ ಮೇಲೆ ‘300 ಡಿಪಿಐ’ ಎಂಬ ಚೀಟಿ ಅಂಟಿಸಿದ್ದರೂ ಉಪಯೋಗವಿಲ್ಲ, ಪಿಕ್ಸೆಲ್‌ಗಳನ್ನು ಎಣಿಸಿ. ಇನ್ನು ಇಂಕ್‌ಸ್ಕೇಪ್ 0.92 ಬರುವ ಮುನ್ನ, ಅಂದರೆ 2017ಕ್ಕೂ ಹಿಂದೆ, ಮಾಡಿದ ಚಿತ್ರಗಳಲ್ಲಿ ಇಂಚಿಗೆ 90 ಎಂಬ ಲೆಕ್ಕವಿತ್ತು. ಅವನ್ನು ಈಗ ತೆರೆದಾಗ ಅಳತೆ ಬದಲಿಸಲೇ ಎಂದು ಕೇಳುತ್ತದೆ. ಓದದೆ ಓಕೆ ಒತ್ತಿದರೆ ಅಳತೆ ಶೇ 6ರಷ್ಟು ಹೆಚ್ಚುಕಡಿಮೆಯಾಗಿ, ಕಾರ್ಡಿನ ಅಂಚಿನಲ್ಲಿರುವ ಸಾಲು ಕಟಿಂಗ್‌ನಲ್ಲಿ ಹೋಗುತ್ತದೆ.

ಇಂಕ್‌ಸ್ಕೇಪ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ ಪುಟ, ಇಡೀ ಚಿತ್ರ ಮುಂತಾದ ವ್ಯಾಪ್ತಿಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಪುಟ ಎಂದರೆ ಹಾಳೆಯಷ್ಟೇ. ಅದರ ಅಂಚಿಗೆ ತಾಗಿ ಬರೆದ ಸಾಲಿನಲ್ಲಿ ಕೆಳಗಿಳಿದ ಒತ್ತುಗಳು ಕತ್ತರಿಸಿಹೋಗುತ್ತವೆ. ರೋಮನ್ ಅಕ್ಷರ ನೋಡಿ ಬಿಟ್ಟ ಅಂಚು ಕನ್ನಡಕ್ಕೆ ಸಾಲದು.

ವಾರ್ಡ್ ನಕ್ಷೆಗಳಲ್ಲಿ ಕಾಣುವ ದೋಷವೊಂದು ಜೆಪೆಗ್‌ಗೆ ತಲುಪುವ ಮೊದಲೇ ಹುಟ್ಟುತ್ತದೆ. ಅಕ್ಕಪಕ್ಕದ ಎರಡು ವಾರ್ಡುಗಳ ಗಡಿ ಮೂಲದಲ್ಲಿ ಒಂದೇ ಆದರೂ ಚುಕ್ಕೆಗೆ ಇಳಿಸಿದಾಗ ನಡುವೆ ಕೂದಲೆಳೆಯಷ್ಟು ಬಿಳಿ ಬಿರುಕು ಕಾಣುತ್ತದೆ. ಗಡಿಯ ಪಿಕ್ಸೆಲನ್ನು ಎರಡೂ ಆಕೃತಿಗಳು ಅರ್ಧರ್ಧ ತುಂಬಿ, ಮಿಕ್ಕ ಕಾಲುಭಾಗದಲ್ಲಿ ಹಿನ್ನೆಲೆ ಇಣುಕುವುದು ಇದಕ್ಕೆ ಕಾರಣ. ಪ್ರತಿ ವಾರ್ಡಿಗೂ ಅದರದೇ ಬಣ್ಣದ ಅರ್ಧ ಪಿಕ್ಸೆಲಿನ ಅಂಚುಗೆರೆ ಕೊಟ್ಟರೆ ಬಿರುಕು ಮುಚ್ಚುತ್ತದೆ. ರಸ್ತೆಯ ಗೆರೆಗಳು ಬೂದಿಬಣ್ಣಕ್ಕೆ ತಿರುಗಿ ಮಾಯವಾಗುವುದೂ ಇಂಥದ್ದೇ: ಅಂತಿಮ ಅಳತೆಯಲ್ಲಿ ಒಂದು ಪಿಕ್ಸೆಲಿಗಿಂತ ತೆಳುವಾದ ಗೆರೆ ಕಪ್ಪಾಗಿ ಉಳಿಯಲಾರದು. ಒಂದೂವರೆ ಪಿಕ್ಸೆಲಿಗೆ ದಪ್ಪ ಮಾಡಿ.

ಇಷ್ಟಾದ ಮೇಲೆ ಮೊದಲು ಪಿಎನ್‌ಜಿಗೆ ಇಳಿಸಿ. ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ. ಹಾಗಾಗಿ ಅದನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆದು ನೋಡಿದರೆ ತಪ್ಪು ಜೆಪೆಗ್‌ಗೂ ಮೊದಲಿನದೋ ಜೆಪೆಗ್‌ನದೋ ಅಲ್ಲೇ ತಿಳಿಯುತ್ತದೆ. ಎಲ್ಲಾ ಹೆಸರುಗಳನ್ನೂ ಒಮ್ಮೆ ಓದಿ. ನೇರವಾಗಿ ಜೆಪೆಗ್‌ಗೆ ಹಾರಿದರೆ ಎಲ್ಲ ದೋಷವೂ ಒಂದೇ ಕೆಸರಲ್ಲಿ ಬೆರೆತುಹೋಗುತ್ತದೆ.

ಪಿಎನ್‌ಜಿಯಲ್ಲಿ ಪಾರದರ್ಶಕ ಜಾಗ ಇರಬಹುದು, ಜೆಪೆಗ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಬಿಳಿಯೆಂದು ಕಾಣುತ್ತಿದ್ದ ಲೋಗೊದ ಹಿನ್ನೆಲೆ ಜೆಪೆಗ್‌ನಲ್ಲಿ ಕಪ್ಪಾಗುವುದು ಇದರಿಂದಲೇ. ಫೋಟೋ ತಿದ್ದುವ ಗಿಂಪ್‌ನಲ್ಲಾದರೆ ಇಮೇಜ್ ಮೆನುವಿನ ಫ್ಲ್ಯಾಟನ್, ಇಮೇಜ್‌ಮ್ಯಾಜಿಕ್‌ನಲ್ಲಾದರೆ ಹಿನ್ನೆಲೆ ಬಿಳಿ ಎಂದು ಹೇಳಿ ಆಲ್ಫಾ (ಪಾರದರ್ಶಕತೆಯ ಮಾಹಿತಿ) ತೆಗೆಯುವ ಆಯ್ಕೆ. ಅದಕ್ಕಿಂತ ಒಳ್ಳೆಯದು, ರೇಖಾಚಿತ್ರದಲ್ಲೇ ಎಲ್ಲಕ್ಕೂ ಕೆಳಗೆ ಒಂದು ಬಿಳಿ ಆಯತ ಇಡುವುದು.

ಈಗ ಆ ಹಳದಿ–ಕೆಂಪಿನ ಕೊಳೆ. ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಯವಾದ ಅಲೆಗಳ ಮೊತ್ತವಾಗಿ ಬರೆದಿಟ್ಟು, ಸಣ್ಣ ಅಲೆಗಳ ಅಂಕಿಗಳನ್ನು ಒರಟು ಅಂದಾಜಿಗೆ ಇಳಿಸುತ್ತದೆ. ಮುಖದ ಚರ್ಮ, ಮೋಡ, ಲಾಲ್‌ಬಾಗಿನ ಹುಲ್ಲಿಗೆ ಇದು ಒಪ್ಪುತ್ತದೆ. ಗೆರೆಚಿತ್ರದ ಅಂಚು ನಯವಲ್ಲ, ಕತ್ತರಿಸಿಟ್ಟಂತೆ ಇರುತ್ತದೆ. ಅದನ್ನು ಅಲೆಗಳಿಂದ ಕಟ್ಟಲು ಸಣ್ಣ ಅಲೆಗಳೇ ಬೇಕು. ಅವು ಹೋದಾಗ ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂಥ ಕಲೆಗಳು ಉಳಿಯುತ್ತವೆ. ಇದರ ಜತೆಗೆ ಬಣ್ಣದ ಉಳಿತಾಯ ಬೇರೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದು ಎಂಬ ಆಧಾರದ ಮೇಲೆ, ಅನೇಕ ತಂತ್ರಾಂಶಗಳು ನಾಲ್ಕು ಪಿಕ್ಸೆಲಿಗೆ ಒಂದೇ ಬಣ್ಣದ ಮಾದರಿ ಇಡುತ್ತವೆ. 4:2:0 ಎಂದು ಬರೆಯುವುದು ಇದನ್ನೇ. ಹಳದಿಯ ಪಕ್ಕದ ಕೆಂಪು ಆಗ ಹಳದಿಯೊಳಗೆ ಸೋರುತ್ತದೆ.

ಶುದ್ಧ ಹಳದಿಯ ಬೆಳಕಿನ ಮಟ್ಟ 255ರಲ್ಲಿ 226, ಶುದ್ಧ ಕೆಂಪಿನದು 76. ಇಷ್ಟು ಅಂತರವಿರುವುದರಿಂದ ಅಕ್ಷರದ ಆಕಾರವಾದರೂ ಉಳಿಯುತ್ತದೆ. ಕಡುಹಸಿರಿನ ಮೇಲೆ ಕೆಂಪು ಅಕ್ಷರ ಬರೆಯುವ ಚಾಳಿಯೊಂದು ಜಾತ್ರೆ ಪೋಸ್ಟರುಗಳಲ್ಲಿದೆ. ಆ ಹಸಿರಿನ ಮಟ್ಟ 75, ಕೆಂಪಿನದು 76! ಎರಡರ ನಡುವೆ ಇರುವುದು ಬಣ್ಣದ ವ್ಯತ್ಯಾಸ ಮಾತ್ರ, ಜೆಪೆಗ್ ಬಿಸಾಡುವುದೂ ಅದನ್ನೇ. ಕಪ್ಪು–ಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೆ ಅಲ್ಲಿ ಏನೂ ಬರೆದಿಲ್ಲವೇನೋ ಎನಿಸುತ್ತದೆ. ಅಂಥ ಜೋಡಿಯನ್ನು ವಿನ್ಯಾಸದಲ್ಲೇ ಬಿಡಬೇಕು, ಇಲ್ಲವೇ ಅಕ್ಷರಕ್ಕೆ ಬಿಳಿ ಅಂಚು ಕೊಡಬೇಕು.

ಜೆಪೆಗ್ ಉಳಿಸುವಾಗ ಮಾಡಬೇಕಾದ್ದು ಎರಡು: ಸಬ್‌ಸ್ಯಾಂಪ್ಲಿಂಗ್ 4:4:4 (ಪ್ರತಿ ಪಿಕ್ಸೆಲಿಗೂ ಅದರದೇ ಬಣ್ಣ) ಇರಲಿ, ಗುಣಮಟ್ಟ 90ರ ಆಸುಪಾಸು ಇರಲಿ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟಿನ ಸುಧಾರಿತ ಆಯ್ಕೆಗಳೊಳಗೆ ಇದು ಸಿಗುತ್ತದೆ. ಇಮೇಜ್‌ಮ್ಯಾಜಿಕ್ 90 ಅಥವಾ ಮೇಲಿದ್ದರೆ ತಾನೇ 4:4:4 ಹಿಡಿಯುತ್ತದೆ, 89ಕ್ಕಿಳಿದರೆ ಬಿಡುತ್ತದೆ. ಈ ಒಂದಂಕಿಯ ಅಂತರ ಬಾವುಟದ ಮೇಲೆ ಕಣ್ಣಿಗೆ ಕಾಣುವಷ್ಟಿರುತ್ತದೆ. ಅಂದಹಾಗೆ 90 ಎಂದರೆ ಶೇ 90 ಎಂದಲ್ಲ, ಫೋಟೋಶಾಪಿನ 12ರವರೆಗಿನ ಅಳತೆಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಹೊಸದೆಂದು ವೆಬ್‌ಪಿ ಎಂಬ ಚಿತ್ರರೂಪಕ್ಕೆ ಹೋದರೂ ಬಣ್ಣದ ಸೋರಿಕೆ ತಪ್ಪದು: ನಷ್ಟದ ಬಗೆಯ ವೆಬ್‌ಪಿಯಲ್ಲಿ ಇರುವುದು 4:2:0 ಒಂದೇ. ಅದರಲ್ಲಿ ನಷ್ಟವಿಲ್ಲದ ಬಗೆಯೂ ಇದೆ, ಗೆರೆಚಿತ್ರಕ್ಕೆ ಅದನ್ನು ಆರಿಸಿ.

ನಮ್ಮನ್ನು ಕೇಳಿದರೆ, ನಾಲ್ಕೈದು ಬಣ್ಣದ ಲೋಗೊಗೆ ಜೆಪೆಗ್ ಬೇಡವೇ ಬೇಡ. ಅದನ್ನೇ 16 ಬಣ್ಣದ ಪಟ್ಟಿಯ ಪಿಎನ್‌ಜಿ ಮಾಡಿದರೆ ಎಷ್ಟೋ ಸಲ ಜೆಪೆಗ್‌ಗಿಂತ ಚಿಕ್ಕದೂ ಆಗುತ್ತದೆ, ಅಂಚೂ ಚೊಕ್ಕ ಇರುತ್ತದೆ. ಆದರೆ ಅರ್ಜಿ ತುಂಬುವ ಜಾಲತಾಣಗಳು ‘ಜೆಪೆಗ್ ಮಾತ್ರ, 50 ಕೆಬಿ ಒಳಗೆ’ ಎನ್ನುತ್ತವೆ. ಎಸ್‌ವಿಜಿಯೊಳಗೆ ಸ್ಕ್ರಿಪ್ಟ್ ಅಡಗಿಸಬಹುದಾದ್ದರಿಂದ ಅದನ್ನು ಬೇಡವೆನ್ನುವುದು ನ್ಯಾಯವೇ. ಪಿಎನ್‌ಜಿ ಬೇಡವೆನ್ನಲು ನಮಗೆ ಕಾರಣ ಕಾಣುತ್ತಿಲ್ಲ. ಅಂಥ ಕಡೆ ಗಾತ್ರ ಇಳಿಸಲು ಗುಣಮಟ್ಟವನ್ನು 30ಕ್ಕೆ ಎಳೆಯಬೇಡಿ. ಮೂಲ ರೇಖಾಚಿತ್ರಕ್ಕೆ ಹಿಂತಿರುಗಿ ಕಡಿಮೆ ಪಿಕ್ಸೆಲಿನಲ್ಲಿ ಹೊಸದಾಗಿ ಇಳಿಸಿ. 400 ಪಿಕ್ಸೆಲ್ ಅಗಲದ ಚೊಕ್ಕ ಲೋಗೊ 1200 ಪಿಕ್ಸೆಲಿನ ಕೊಳಕು ಲೋಗೊಗಿಂತ ಮೇಲು. ಜೆಪೆಗ್ ಅನ್ನು ಮತ್ತೆ ಜೆಪೆಗ್ ಮಾಡುವುದೂ ಬೇಡ, ಹಿಂದಿನ ಸಲದ ಕಲೆಗಳನ್ನೂ ಅದು ಚಿತ್ರವೆಂದೇ ತಿಳಿದು ಕಾಪಾಡಲು ನೋಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ನಡೆಯುವುದು ಇದೇ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ.

ನಿಮ್ಮಂಥ ಪತ್ರಿಕೆಗಳಿಗೆ ಜಾಹೀರಾತು ಕೊಡುವವರಿಗೂ ಒಂದು ಮಾತು. ಪತ್ರಿಕೆಯ ಕಾಗದದ ಮೇಲೆ ಚುಕ್ಕೆಜಾಲ ಇಂಚಿಗೆ 85ರಿಂದ 100 ಸಾಲು, ಆದ್ದರಿಂದ ಫೋಟೋಗೆ 200 ಸಾಕು: 8ಕ್ಕೆ 10 ಸೆಂ.ಮೀ. ಜಾಗಕ್ಕೆ 630ಕ್ಕೆ 787 ಪಿಕ್ಸೆಲ್. ಅಕ್ಷರಕ್ಕೆ ಅದು ಸಾಲದು. ಜೆಪೆಗ್ ಆದ ಕಪ್ಪು ಅಕ್ಷರ ಮುದ್ರಣಕ್ಕೆ ಹೋಗುವಾಗ ನಾಲ್ಕೂ ಶಾಯಿಗಳಿಗೆ ಹಂಚಿಹೋಗುತ್ತದೆ, ಒಂದು ಪ್ಲೇಟು ಎಳ್ಳಷ್ಟು ಸರಿದರೂ ಅಕ್ಷರಕ್ಕೆ ಕೆಂಪು–ನೀಲಿ ನೆರಳು ಬೀಳುತ್ತದೆ. ಕಪ್ಪು ಶಾಯಿಯೊಂದರಲ್ಲೇ ಅಕ್ಷರವಿರುವ, ಫಾಂಟು ಗೆರೆಯಾಗಿರುವ ಪಿಡಿಎಫ್ ಕೊಡಬೇಕು. ಜಾಹೀರಾತು ವಿಭಾಗಗಳು ದರಪಟ್ಟಿಯ ಜತೆಗೆ ಈ ನಾಲ್ಕು ಸಾಲನ್ನೂ ಅಚ್ಚು ಹಾಕಿಸಿದರೆ ಎರಡೂ ಕಡೆಯ ಫೋನ್ ಕರೆಗಳು ಕಡಿಮೆಯಾಗುತ್ತವೆ. ನಕ್ಷೆಗಳನ್ನು ಜಾಲತಾಣಕ್ಕೆ ಏರಿಸುವ ಕಚೇರಿಗಳು ಜೆಪೆಗ್ ಪಕ್ಕದಲ್ಲೇ ಮೂಲ ಎಸ್‌ವಿಜಿ ಅಥವಾ ಪಿಡಿಎಫ್ ಇಟ್ಟರೆ ಬೀದಿಯ ಹೆಸರನ್ನು ಹಿಗ್ಗಿಸಿ ಓದಬಹುದು, ಹುಡುಕಬಹುದು. ಕಣ್ಣು ಕಾಣದವರ ಓದುಗ ತಂತ್ರಾಂಶಕ್ಕೂ ಪದಗಳು ಸಿಗುತ್ತವೆ. ಏರಿಸುವ ಮೊದಲು ಒಳಗಿನ ಬೇಡದ ಮಾಹಿತಿ ತೆಗೆಯಿರಿ: ಬಚ್ಚಿಟ್ಟ ಲೇಯರುಗಳು, ಕಂಪ್ಯೂಟರ್ ಬಳಸಿದವರ ಹೆಸರಿರುವ ಫೋಲ್ಡರ್ ವಿಳಾಸ ಎಲ್ಲ ಅದರಲ್ಲಿ ಉಳಿದಿರಬಹುದು.

ಮೂಲ ಕಳೆದು ಜೆಪೆಗ್ ಒಂದೇ ಉಳಿದಿದ್ದರೆ? ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ಗೆ ಹಾಗೆಯೇ ಕೊಟ್ಟರೆ ಪ್ರತಿ ಕಲೆಯನ್ನೂ ಆಕೃತಿಯೆಂದು ತಿಳಿದು ಸಾವಿರಾರು ಬಿಂದುಗಳ ಜೇಡರಬಲೆ ಕಟ್ಟುತ್ತದೆ. ಮೊದಲು ಗಿಂಪ್‌ನಲ್ಲಿ ಬಣ್ಣಗಳನ್ನು ನಾಲ್ಕೈದಕ್ಕೆ ಇಳಿಸಿ, ಆಮೇಲೆ ಟ್ರೇಸ್ ಮಾಡಿ. ಲಾಂಛನದ ಆಕಾರಕ್ಕೆ ಇದು ನಡೆಯುತ್ತದೆ. ಕನ್ನಡ ಅಕ್ಷರಗಳನ್ನು ಮಾತ್ರ ಟ್ರೇಸ್ ಮಾಡಲು ಹೋಗಬೇಡಿ, ಮುಚ್ಚಿಹೋದ ಒತ್ತಿನ ಹೊಟ್ಟೆ ಮತ್ತೆ ತೆರೆಯದು. ಹತ್ತಿರದ ಯೂನಿಕೋಡ್ ಫಾಂಟ್ ಹುಡುಕಿ ಹೊಸದಾಗಿ ಜೋಡಿಸಿ.

— ಡಿಟಿಪಿ ಮತ್ತು ಮುದ್ರಣಪೂರ್ವ ಕೆಲಸದ ಕೆಲವರು,
ಚಾಮರಾಜಪೇಟೆ, ಬೆಂಗಳೂರು